ಎಡಗಡೆಯ ನಾಲ್ಕು ನಟ್ಟು

ಪಿಕಪ್ ರಸ್ತೆ ಬದಿಯ ಕೆಸರುಗುಂಡಿಯಲ್ಲಿ ಬಲಮಗ್ಗುಲಾಗಿ ಬಿದ್ದಿತ್ತು. ಎಡಗಡೆಯ ಎರಡು ಚಕ್ರಗಳು ಗಾಳಿಯಲ್ಲಿದ್ದವು. ಜೊತೆಯಲ್ಲಿ ಬಂದಿದ್ದ ದನದ ಡಾಕ್ಟರು ಎಗರಿ ಹೊರಬಿದ್ದು ಅಲ್ಲೇ ಸತ್ತಿದ್ದರು. ಗಾಡಿಯ ಮಾಲೀಕನೇ ಅದನ್ನು ಓಡಿಸುತ್ತಿದ್ದ. ಅವನು ಮುರಿದ ಬಲಗೈಯನ್ನು ಎದೆಗೊತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿಯ ಅಣ್ಣ, ಬಸ್ ಡಿಪೋದ ಫಿಟ್ಟರ್, ನೀರಿನ ಬಾಟಲಿ ಹಿಡಿದು ನಿಂತಿದ್ದ.

"ಮುಂದಿನ ಸ್ಪ್ರಿಂಗ್ ಕಳಚ್ತು ಮೇಡಂ," ಎಂದ ಪಿಕಪ್‌ನವನು. "ಇಳಿಜಾರಲ್ಲಿ ಸ್ಟೇರಿಂಗ್ ಮಾತೇ ಕೇಳ್ಲಿಲ್ಲ. ಮೊನ್ನೆ ತಾನೆ ಹೊಸದು ಹಾಕಿಸಿದ್ದೆ."

ಇನ್‌ಸ್ಪೆಕ್ಟರ್ ಮೇಡಂ ಬಗ್ಗಿ ನೋಡಿದರು. ಎಡಗಡೆಯ ಸ್ಪ್ರಿಂಗ್ ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಎರಡು ಯು ಬೋಲ್ಟುಗಳಿದ್ದವು. ಅವುಗಳ ನಾಲ್ಕು ಕಾಲುಗಳು ಒಂದು ಕಬ್ಬಿಣದ ತಟ್ಟೆಯನ್ನು ತೂರಿ ಹೊರಬಂದಿದ್ದವು. ಆ ಕಾಲುಗಳಿಗೆ ನಾಲ್ಕು ನಟ್ಟುಗಳಿರಬೇಕು. ಒಂದೂ ಇರಲಿಲ್ಲ.

"ಕೆಲಸ ಮಾಡಿದ್ದು ಯಾರು?"

"ಸೇತುವೆ ಪಕ್ಕದ ಮೇಸ್ತ್ರಿ."

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಠಾಣೆಯಲ್ಲಿದ್ದರು. ಗ್ಯಾರೇಜಿಗೆ ಬೀಗ ಬಿದ್ದಿತ್ತು.

* * *

ಠಾಣೆಯ ಜೀಪು ಓಡಿಸುವವನನ್ನು ಎಲ್ಲರೂ ಹಾರ್ನಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವನು ಹಾರ್ನ್ ಒತ್ತಿದ್ದು ಕಡಿಮೆ. ಅದಕ್ಕೇ ಆ ಹೆಸರು. ಮೇಡಂ ವಿಚಾರಣೆಗೆ ಕೂತಾಗ ಅವನನ್ನೂ ಒಳಗೆ ಕರೆದರು. "ನಂಗೆ ಸ್ಪ್ರಿಂಗ್ ಅಂದ್ರೆ ಬಾಲ್‌ಪೆನ್ನಿನದು ಮಾತ್ರ ಗೊತ್ತು. ನೀವು ಕೇಳಿ."

ಹಾರ್ನಣ್ಣ ಕೇಳಿದ. "ಏನೇನು ಬದಲಾಯಿಸಿದ್ರಿ ಮೇಸ್ತ್ರಿ?"

"ಮುಂದುಗಡೆ ಪೂರ್ತಿ. ಹಳೇ ಗಾಡಿ ಅದು, ನಾಲ್ಕೂ ಚಕ್ರ ಎಳೆಯೋದು. ದಪ್ಪ ಪಟ್ಟಿ ಮೂರಿದ್ವು, ಚಪಾತಿ ಥರ ಚಪ್ಪಟೆಯಾಗಿದ್ವು. ತೆಗೆದು ತೆಳು ಪಟ್ಟಿ ಎಂಟೆಂಟು ಹಾಕಿದೆ. ತೆಳುವಾದಷ್ಟೂ ಮೆತ್ತಗೆ ಬಾಗ್ತವೆ, ಆದ್ರೆ ಎಂಟೂ ಸೇರಿ ಭಾರ ತಡೀತವೆ. ಗಾಡಿ ಎರಡಿಂಚು ಮೇಲೆದ್ತು, ಅದಕ್ಕೆ ಬ್ರೇಕಿನ ಪೈಪೂ ಉದ್ದದ್ದು ಹಾಕಿದೆ. ಬುಷ್ ಹೊಸದು, ಯು ಬೋಲ್ಟ್ ಹೊಸದು. ಹಳೇ ಯು ಬೋಲ್ಟ್ ನಾನು ಮುಟ್ಟೋದೇ ಇಲ್ಲ. ಒಂದ್ಸಲ ಎಳೆದ ಮೇಲೆ ಅದಕ್ಕೆ ಹಿಡಿತ ಇರಲ್ಲ."

"ನಟ್ಟು?"

"ಚಕ್ರ ನೆಲಕ್ಕಿಳಿಸಿ, ಭಾರ ಪಟ್ಟಿ ಮೇಲೆ ಕೂತ ಮೇಲೆ ಕೊನೇ ಬಿಗಿ ಹಾಕ್ತೀನಿ. ಆಮೇಲೆ ನಟ್ಟಿನಿಂದ ತಟ್ಟೆವರೆಗೂ ಹಳದಿ ಪೇಂಟಿಂದ ಒಂದು ಗೆರೆ. ನಟ್ಟು ಸ್ವಲ್ಪ ತಿರುಗಿದ್ರೂ ಗೆರೆ ಮುರಿದು ಕಾಣುತ್ತೆ."

"ಇದಕ್ಕೂ ಎಳೆದ್ರಾ?"

ಮೇಸ್ತ್ರಿ ತಮ್ಮ ಅಂಗೈ ನೋಡಿಕೊಂಡರು. ಮೂವತ್ತೈದು ವರ್ಷದ ಗ್ರೀಸು ಅಲ್ಲಿನ ಗೆರೆಗಳಲ್ಲೇ ಕೂತಿತ್ತು.

"ಬಲಗಡೆ ಎಳೆದೆ. ಎಡಗಡೆಗೆ ಬರುವಾಗ ಮಗಳ ಫೋನ್ ಬಂತು. ಮೊಮ್ಮಗನಿಗೆ ಜ್ವರ. ಮಾತಾಡಿ ವಾಪಸ್ ಬಂದು... ಎಳೆದಿರಬೇಕು."

"ಇರಬೇಕಾ, ಎಳೆದ್ರಾ?" ಮೇಡಂ ದನಿ ಏರಿತು.

"ರಾತ್ರಿಯಿಡೀ ಅದನ್ನೇ ಕೇಳ್ಕೊಳ್ತೀನಿ ಇನ್ಮೇಲೆ. ನೂರು ಕಿಲೋಮೀಟರ್ ಓಡಿಸಿ ಬಾ, ಇನ್ನೊಂದ್ಸಲ ಬಿಗಿ ನೋಡ್ತೀನಿ ಅಂದಿದ್ದೆ. ಬರಲಿಲ್ಲ ಅವನು." ಮೇಸ್ತ್ರಿ ತಲೆ ಎತ್ತಿದರು. "ನಾನು ಮರೆತಿದ್ರೆ ಒಳಗೆ ಹಾಕಿ ಮೇಡಂ. ಒಂದು ಜೀವ ಹೋಗಿದೆ."

ಹೊರಗೆ ಬಂದ ಮೇಡಂ ಫೈಲು ಮುಚ್ಚಿದರು. "ಒಪ್ಪಿಕೊಂಡ ಹಾಗೇ ಆಯ್ತಲ್ಲ."

"ತಪ್ಪು ಮಾಡಿದವನು ಇಷ್ಟು ಬೇಗ ತಪ್ಪು ಒಪ್ಪಲ್ಲ ಮೇಡಂ," ಎಂದ ಹಾರ್ನಣ್ಣ. "ಕ್ರೇನ್ ಬರೋದು ನಾಳೆ. ಅದು ಗಾಡಿ ಎತ್ತೋ ಮುಂಚೆ ನಾನೊಂದ್ಸಲ ನೋಡ್ಲಾ?"

* * *

ದಾರಿಯಲ್ಲಿ ಒಂದು ಸುದ್ದಿ ಸಿಕ್ಕಿತು. ಹಿಂದಿನ ಸಂಜೆ ಮೇಸ್ತ್ರಿಯ ಎದುರು ಗ್ಯಾರೇಜಿನವನು ರಸ್ತೆ ಬದಿ ನಿಂತಿದ್ದ ಆ ಪಿಕಪ್ ಅಡಿಗೆ ತಲೆ ಹಾಕಿದ್ದನ್ನು ಚಹಾದಂಗಡಿಯವಳು ಕಂಡಿದ್ದಳು. ಮೇಸ್ತ್ರಿಗೂ ಅವನಿಗೂ ಮಾತು ಬಿಟ್ಟು ಆರು ವರ್ಷ.

ಮೇಡಂ ಅವನ ಗ್ಯಾರೇಜಿನ ಮುಂದೆ ಜೀಪು ನಿಲ್ಲಿಸಲು ಹೇಳಿದರು. ಎದುರು ಗ್ಯಾರೇಜಿನವನು ಟೈರಿನ ಮೇಲೆ ಕೂತು ಬೆವರು ಒರೆಸಿಕೊಂಡ.

"ತಲೆ ಹಾಕಿದ್ದು ನಿಜ. ಕೈ ಹಾಕ್ಲಿಲ್ಲ."

"ತಲೆ ಯಾಕೆ ಹಾಕ್ದೆ?"

"ಹೊಟ್ಟೆಕಿಚ್ಚು ಮೇಡಂ. ಈ ಕೆಲಸ ನಂಗೆ ಬರಬೇಕಿತ್ತು. ಏನಾದ್ರೂ ಕೊಂಕು ಸಿಗುತ್ತಾ ನೋಡೋಣ ಅಂತ ಬಗ್ಗಿದೆ."

"ಸಿಕ್ತಾ?"

ಅವನು ಮುಖ ಸಿಂಡರಿಸಿದ. "ಇಲ್ಲ. ನೀಟಾಗಿತ್ತು. ಗೆರೆ ಬೇರೆ ಎಳೆದಿದ್ದ, ದೊಡ್ಡ ಚಿತ್ರಕಾರ!"

"ಎಡಗಡೆಗೂ?" ಹಾರ್ನಣ್ಣ ಮುಂದೆ ಬಂದ.

"ನಾನು ಬಲಗಡೆ ಮಾತ್ರ ನೋಡಿದ್ದಣ್ಣಾ. ಎಡಗಡೆ ಮೋರಿ ಇತ್ತು."

ನಿನ್ನೆ ಸಂಜೆ ಏಳರಿಂದ ಅವನು ಮಾವನ ಮನೆಯಲ್ಲಿದ್ದ. ಹನ್ನೊಂದು ಜನ ಸಾಕ್ಷಿ. ಪಿಕಪ್ ರಾತ್ರಿ ಮಾಲೀಕನ ಮನೆಯ ಗೇಟಿನ ಒಳಗಿತ್ತು.

* * *

ಗುಂಡಿಯ ಹತ್ತಿರ ಒಬ್ಬ ಪೇದೆ ಕಾವಲಿದ್ದ. ಹಾರ್ನಣ್ಣ ಮೊದಲು ಮುಂದಿನ ಬ್ರೇಕ್ ಡ್ರಮ್ ಮೇಲೆ ಬೆರಳಾಡಿಸಿ ಮೂಸಿದ. ಕ್ಯಾಬಿನ್ ಒಳಗೆ ಇಣುಕಿದ. ಆಮೇಲೆ ಮೇಲೆದ್ದಿದ್ದ ಎಡಚಕ್ರದ ಮುಂದೆ ಬಂದು ನಿಂತ. ಯು ಬೋಲ್ಟು ಅವನ ಎದೆಯ ಎತ್ತರಕ್ಕಿತ್ತು.

"ಬನ್ನಿ ಮೇಡಂ. ಈ ತಟ್ಟೆ ಮೇಲೆ ಏನಿದೆ?"

"ಕೆಸರು. ಒಣಗಿದೆ."

"ಬೋಲ್ಟಿನ ತುದಿ ಮೇಲೆ?"

"ಅಲ್ಲೂ ಕೆಸರು."

"ತುದಿಗೂ ತಟ್ಟೆಗೂ ನಡುವೆ? ಈ ಬೆರಳಗಲ?"

ಮೇಡಂ ಟಾರ್ಚ್ ಹಿಡಿದರು. ಅಷ್ಟು ಜಾಗದಲ್ಲಿ ಬೋಲ್ಟಿನ ತಿರುಪಿನ ಸುತ್ತುಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ತಟ್ಟೆಯ ಮೇಲೂ ಬೋಲ್ಟಿನ ಸುತ್ತ ಒಂದು ಉಂಗುರದಷ್ಟು ಜಾಗ ಸ್ವಚ್ಛವಾಗಿತ್ತು.

"ಅಂದ್ರೆ..."

"ಅಂದ್ರೆ ಗಾಡಿ ಗುಂಡಿಗೆ ಬಿದ್ದು ಕೆಸರು ಹಾರಿದಾಗ ನಟ್ಟು ಇಲ್ಲೇ ಕೂತಿತ್ತು. ತನ್ನ ಜಾಗಕ್ಕೆ ಕೆಸರು ತಾಗೋಕೆ ಬಿಡಲಿಲ್ಲ. ಬಿದ್ದ ಮೇಲೆ ಯಾರೋ ಬಿಚ್ಚಿದ್ದಾರೆ." ಅವನು ಪಟ್ಟಿಗಳ ನಡುಭಾಗ ತೋರಿಸಿದ. "ನಟ್ಟು ಓಡ್ತಾ ಓಡ್ತಾ ಕಳಚಿದ್ರೆ ಆಕ್ಸಲ್ ಹಿಂದಕ್ಕೆ ಸರಿದಿರೋದು, ಲೋಹಕ್ಕೆ ಲೋಹ ಉಜ್ಜಿ ಗಾಯ ಆಗಿರೋದು. ಇಲ್ಲಿ ನೋಡಿ, ಹೊಸ ಮದುಮಗನ ಥರ ಕದಲದೆ ಕೂತಿದೆ."

ಕರವಸ್ತ್ರ ಒದ್ದೆ ಮಾಡಿ ತಟ್ಟೆಯ ಕೆಸರನ್ನು ಮೆಲ್ಲಗೆ ಒರೆಸಿದ. ಹಳದಿ ಬಣ್ಣ ಕಂಡಿತು. ನಾಲ್ಕು ಚಿಕ್ಕ ಗೆರೆಗಳು, ನಟ್ಟಿದ್ದ ಜಾಗದ ಅಂಚಿಗೆ ಬಂದು ತಟ್ಟನೆ ನಿಂತಿದ್ದವು.

"ಮೇಸ್ತ್ರಿ ಮರೆತಿರಲಿಲ್ಲ," ಎಂದರು ಮೇಡಂ. "ಹಾಗಾದ್ರೆ ಗಾಡಿ ಬಿದ್ದದ್ದು ಯಾಕೆ?"

"ಗೇರ್ ನ್ಯೂಟ್ರಲ್‌ನಲ್ಲಿದೆ."

"ಬೀಳುವಾಗ ಜಾರಿರಬಹುದು."

"ಇರಬಹುದು. ಆದ್ರೆ ಬ್ರೇಕ್ ಡ್ರಮ್ ಕಾದು ನೀಲಿಯಾಗಿದೆ, ಸುಟ್ಟ ವಾಸನೆ ಇನ್ನೂ ಇದೆ. ಡೀಸೆಲ್ ಉಳಿಸೋಕೆ ಇಳಿಜಾರೆಲ್ಲ ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದಾನೆ. ಹಳೇ ಸ್ಪ್ರಿಂಗ್ ಇದ್ದಾಗ ಈ ರಸ್ತೇಲಿ ಜೋರಾಗಿ ಬಂದ್ರೆ ಹಲ್ಲು ಉದುರ್ತಿತ್ತು. ಹೆದರಿ ನಿಧಾನಕ್ಕೆ ಬರ್ತಿದ್ದ. ಹೊಸದು ಮೆತ್ತಗಿತ್ತು. ವೇಗ ಗೊತ್ತೇ ಆಗ್ಲಿಲ್ಲ. ಗೊತ್ತಾದಾಗ ಬ್ರೇಕ್ ಕಾದು ಸತ್ತಿತ್ತು."

"ನಟ್ಟು ಬಿಚ್ಚಿದ್ದೂ ಅವನೇ?"

"ಮುರಿದ ಕೈಯಲ್ಲಿ ಇಷ್ಟು ಬಿಗಿಯಾದ ನಟ್ಟು? ಆಗಲ್ಲ. ಅವನು ಮೊದ್ಲು ಫೋನ್ ಮಾಡಿದ್ದು ಯಾರಿಗೆ, ನೋಡಿ."

ಮೇಡಂ ಮೊಬೈಲಿಗೆ ಕರೆಗಳ ಪಟ್ಟಿ ತರಿಸಿಕೊಂಡರು. ಮೊದಲ ಕರೆ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಫಿಟ್ಟರ್ ಭಾವನಿಗೆ. ಠಾಣೆಗೆ ಕರೆ ಬಂದಿದ್ದು ಒಂಬತ್ತು ಗಂಟೆ ಐವತ್ತು ನಿಮಿಷಕ್ಕೆ. ಡಿಪೋದಿಂದ ಈ ಜಾಗಕ್ಕೆ ಹತ್ತೇ ನಿಮಿಷ.

"ನಟ್ಟು ಎಲ್ಲಾದರೂ ಕಾಡಿಗೆ ಎಸೆದಿರ್ತಾನೆ," ಎಂದರು ಮೇಡಂ. "ಸಾಕ್ಷಿ ಹೋಯ್ತು."

ಹಾರ್ನಣ್ಣ ಜೀಪಿನ ಬಾಗಿಲು ತೆಗೆದ. "ಫಿಟ್ಟರ್ ಮೇಡಂ ಅವನು. ಹೊಸ ನಟ್ಟು ಎಸೆಯೋಕೆ ಅವರಿಗೆ ಕೈ ಬರಲ್ಲ. ಹತ್ತಿ."

* * *

ಡಿಪೋದ ಶೆಡ್ಡಿನಲ್ಲಿ ಪ್ರತಿ ಫಿಟ್ಟರ್‌ನ ಬೆಂಚಿನ ಮೇಲೂ ಗೋಡೆಗೆ ಮೊಳೆಗಳ ಸಾಲು. ಬಿಚ್ಚಿದ ನಟ್ಟುಗಳನ್ನು ಅದೇ ಕ್ರಮದಲ್ಲಿ ತಂತಿಗೆ ಪೋಣಿಸಿ, ತುದಿ ತಿರುಚಿ ನೇತುಹಾಕುವುದು ಅಲ್ಲಿಯ ಪದ್ಧತಿ. ಫಿಟ್ಟರ್ ಭಾವನ ಬೆಂಚಿನ ಮೇಲೆ ಇಪ್ಪತ್ತು ತಂತಿಗಳಿದ್ದವು. ಎಲ್ಲದರಲ್ಲೂ ಮಸಿ ಹಿಡಿದ ದೊಡ್ಡ ಬಸ್ ನಟ್ಟುಗಳು. ಒಂದರಲ್ಲಿ ಮಾತ್ರ ಸಣ್ಣವು, ಹೊಸವು, ನಾಲ್ಕೇ ನಾಲ್ಕು. ಪ್ರತಿಯೊಂದರ ಪಕ್ಕೆಯಲ್ಲೂ ಅರ್ಧ ಹಳದಿ ಗೆರೆ.

ಹಾರ್ನಣ್ಣ ತಂತಿಯನ್ನು ಕರವಸ್ತ್ರದಲ್ಲಿ ಹಿಡಿದು ಇಳಿಸಿದ. "ಇದು ಯಾವ ಬಸ್ಸಿಂದು?"

ಫಿಟ್ಟರ್ ಸ್ಪ್ಯಾನರ್ ಕೆಳಗಿಟ್ಟ. ಓಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತ.

"ನಾನು ಹೋದಾಗ ಡಾಕ್ಟ್ರು ಹೋಗಿಬಿಟ್ಟಿದ್ರು. ಇವನು ಮಗು ಥರ ಅಳ್ತಿದ್ದ. ನ್ಯೂಟ್ರಲ್ ಮಾಡಿದ್ದೆ ಭಾವಾ, ನಾನೇ ಕೊಂದೆ ಅಂತ. ಕಣ್ಣೆದುರು ನನ್ನ ತಂಗಿ ಬಂದಳು. ಟೂಲ್ ಬ್ಯಾಗ್ ಬೈಕಲ್ಲೇ ಇತ್ತು."

"ಮೇಸ್ತ್ರಿ ಕಣ್ಣೆದುರು ಬರಲಿಲ್ವಾ?" ಎಂದರು ಮೇಡಂ.

"ಗಾಡಿ ಕೆಟ್ಟಿತ್ತು ಅಂತ ಕೇಸು ಮುಚ್ತಾರೆ ಅಂದ್ಕೊಂಡೆ. ಮೇಸ್ತ್ರೀನ ಹಿಡೀತಾರೆ ಅಂತ ಹೊಳೀಲೇ ಇಲ್ಲ."

"ಹಿಡಿದು ಅರ್ಧ ದಿನ ಆಯ್ತು. ಆಮೇಲೂ ಹೊಳೀಲಿಲ್ವೇನಪ್ಪಾ?" ಹಾರ್ನಣ್ಣ ಮೆಲ್ಲಗೆ ಕೇಳಿದ.

ಫಿಟ್ಟರ್ ಎದ್ದು ಕೈ ತೊಳೆದುಕೊಂಡು ಅವರ ಹಿಂದೆ ನಡೆದ.

ಆಸ್ಪತ್ರೆಯಲ್ಲಿ ಪಿಕಪ್‌ನವನಿಗೆ ವಿಷಯ ಹೇಳಿದಾಗ ಅವನು ವಾದ ಮಾಡಲಿಲ್ಲ. "ಭಾವನ್ನ ಬಿಟ್ಬಿಡಿ," ಎಂದಷ್ಟೇ ಅಂದ. ಬಿಡುವ ಹಾಗಿರಲಿಲ್ಲ. ಅಜಾಗರೂಕತೆಯಿಂದ ಗಾಡಿ ಓಡಿಸಿದ್ದಕ್ಕೆ ಇವನ ಮೇಲೆ ಕೇಸು, ಸಾಕ್ಷಿ ಕೆಡಿಸಿದ್ದಕ್ಕೆ ಅವನ ಮೇಲೆ.

* * *

ಸಂಜೆ ಮೇಸ್ತ್ರಿಗೆ ಗ್ಯಾರೇಜಿನ ಬೀಗದ ಕೈ ವಾಪಸು ಕೊಟ್ಟರು. ಅದನ್ನು ಜೇಬಿಗೆ ಹಾಕಿಕೊಂಡರೂ ಮೇಸ್ತ್ರಿ ಬೆಂಚಿನಿಂದ ಏಳಲಿಲ್ಲ.

"ಮನೆಗೆ ಬಿಡ್ತೀನಿ, ಬನ್ನಿ," ಎಂದ ಹಾರ್ನಣ್ಣ.

"ಡಾಕ್ಟ್ರ ಮನೆ ಎಲ್ಲಿ?"

"ಯಾಕೆ?"

"ಮಧ್ಯಾಹ್ನ ಅವರ ಹೆಂಡತಿ ಕಾಗದಕ್ಕೆ ಸೈನ್ ಹಾಕೋಕೆ ಬಂದಿದ್ರು. ಬಾಗಿಲಲ್ಲಿ ನಿಂತು ನನ್ನ ನೋಡಿದ್ರು. ಬೈಲಿಲ್ಲ. ನೋಡಿದ್ರು ಅಷ್ಟೆ. ನಂಗೆ ತಲೆ ಎತ್ತೋಕಾಗ್ಲಿಲ್ಲ." ಮೇಸ್ತ್ರಿ ಎದ್ದರು. "ಇವತ್ತು ಅವರ ಮನೇಲಿ ನೂರು ಕೆಲಸ ಇರ್ತವೆ. ಕುರ್ಚಿ ಹಾಕೋಕೆ, ನೀರು ಕೊಡೋಕೆ ಒಬ್ಬ ಆಳು ಬೇಕಾಗುತ್ತೆ."

ಹಾರ್ನಣ್ಣ ಮೇಡಂ ಕಡೆ ನೋಡಿದ. ಮೇಡಂ ಫೈಲಿನಿಂದ ತಲೆ ಎತ್ತದೆ ಕೈಯಲ್ಲೇ 'ಹೋಗಿ' ಎಂದರು. ಇಬ್ಬರೂ ಹೊರಟರು.