ಮೀಸೆಗೆ ಅಂಟಿದ ಶೇಂಗಾ ಉಂಡೆ

“ಏನಾದ್ರೂ ತಿಂದು ಬಂದೀರೇನ್ರಿ?” ಸೂಜಿ ಹಿಡಿದುಕೊಂಡೇ ಲ್ಯಾಬಿನ ತ್ರಿವೇಣಿ ಅಕ್ಕ ಕೇಳಿದಳು.

“ಇಲ್ರಿ. ಪೂರಾ ಖಾಲಿ ಹೊಟ್ಟಿ,” ಎಂದ ನಾಗೇಂದ್ರಪ್ಪ, ತನ್ನ ದೊಡ್ಡ ಹೊಟ್ಟೆಯನ್ನು ತಟ್ಟುತ್ತ.

ಶಾಂಭವಿ ಅಪ್ಪನ ಮುಖ ನೋಡಿದಳು. ಮೀಸೆಯ ತುದಿಯಲ್ಲಿ ಶೇಂಗಾ ಉಂಡೆಯ ಚೂರೊಂದು ಆರಾಮಾಗಿ ಕೂತಿತ್ತು. ಅಯ್ಯೋ ಶಿವನೇ!

ಮೂರು ಟಿಪ್ಪರ್ ಕೊಂಡು ಸಂಡೂರಿನಿಂದ ಅದಿರು ಸಾಗಿಸಲು ಶುರು ಮಾಡಿದ ಮೇಲೆ ಅಪ್ಪ ನಡೆಯುವುದನ್ನೇ ಬಿಟ್ಟಿದ್ದ. ಓಣಿ ತುದಿಯ ಅಂಗಡಿಗೂ ಜೀಪು. ಹೋದಲ್ಲೆಲ್ಲ ಮಿರ್ಚಿ, ಮಂಡಕ್ಕಿ. ಹೋದ ವಾರ ಸ್ಕ್ಯಾನ್ ನೋಡಿದ ಡಾಕ್ಟರು, “ಲಿವರಿನಾಗ ಕೊಬ್ಬು ತುಂಬೈತಿ. ಉರಿಯೂತ ಐತೋ ಏನೋ, ರಕ್ತದಾಗಿನ ಪ್ರೋಟೀನು, ಸಕ್ಕರಿ, ಕೊಬ್ಬು ಎಲ್ಲಾ ನೋಡಬೇಕು. ಖಾಲಿ ಹೊಟ್ಟೀಲೆ ರಕ್ತ ಕೊಡ್ರಿ” ಎಂದಿದ್ದರು.

“ಒಂದ್ ಹನಿ ಸೆರೇನೂ ಕುಡಿದಾಂವಲ್ರಿ ನಾನು!” ಎಂದು ಅಪ್ಪ ಜಗಳಕ್ಕೇ ನಿಂತಿದ್ದ.

“ತಿಂದೀರಲ್ಲ, ಅಷ್ಟು ಸಾಕು,” ಎಂದು ಡಾಕ್ಟರು ನಕ್ಕಿದ್ದರು.

ಬಿದ್ದಾಗ ಮೊಣಕಾಲು ಕೆಂಪಗೆ ಬಾತುಕೊಳ್ಳುತ್ತದಲ್ಲ, ಅಪ್ಪನ ಒಳಗೂ ಹಾಗೇ ಆಗಿದೆಯೇ? ಶಾಂಭವಿಗೆ ಅಂದಿನಿಂದ ಅದೇ ಚಿಂತೆ. ಆದರೆ ಲ್ಯಾಬಿಗೆ ಹೊರಟರೆ ಒಂದು ದಿನ ಟಿಪ್ಪರ್ ಪಂಕ್ಚರ್ ಆಯಿತು, ಇನ್ನೊಂದು ದಿನ ಅಮಾವಾಸ್ಯೆ ಬಂತು. ಇವತ್ತು ದಸರಾ ರಜೆಯೆಂದು ಅವಳೇ ಅಪ್ಪನನ್ನು ಎಳೆದು ತಂದಿದ್ದಳು.

“ಅಕ್ಕಾ, ಅಪ್ಪ ಎರಡು ಶೇಂಗಾ ಉಂಡಿ ತಿಂದಾನ. ಬಾಳೆಹಣ್ಣೂ. ಹಾಲೂ.”

“ಏ ಹುಡುಗಿ, ಅದು ಊಟ ಅಲ್ಲ, ಫಲಾರ!” ಅಪ್ಪ ಗುಡುಗಿದ. “ಇವತ್ತು ಸೋಮವಾರ, ನಂದು ಉಪವಾಸ. ನಮ್ಮವ್ವನೇ ಕೊಟ್ಟಾಳ. ಫಲಾರ ತಿಂದ್ರ ವ್ರತ ಕೆಡತೈತೇನ್ರಿ?”

ಬೆಂಚಿನ ಮೇಲಿದ್ದ ಮುದುಕ ತಲೆಯಾಡಿಸಿದ. “ಖರೇ ಐತಿ. ಅವಲಕ್ಕಿ ತಿಂದ್ರೂ ಕೆಡಂಗಿಲ್ಲ.”

“ಉಪ್ಪಿಟ್ಟೂ ನಡೀತೈತಿ ಬಿಡ್ರಿ,” ಎಂದಳು ಪಕ್ಕದಾಕೆ.

“ವ್ರತ ಕೆಡಂಗಿಲ್ರೀ ಯಜಮಾನ್ರ, ನನ್ನ ರಿಪೋರ್ಟ್ ಕೆಡತೈತಿ!” ತ್ರಿವೇಣಿ ಅಕ್ಕ ಸೂಜಿ ಕೆಳಗಿಟ್ಟಳು. “ನಾಳೆ ಬರ್ರಿ. ಬರೇ ನೀರು ಕುಡದು.”

ಹೊರಗೆ ಬಂದದ್ದೇ ತಡ, ಅಪ್ಪನ ಮುಖ ಅರಳಿತು. “ಹೆಂಗೂ ಇವತ್ತು ರಕ್ತ ಕೊಡಂಗಿಲ್ಲ. ಎರಡು ಪ್ಲೇಟ್ ಮಿರ್ಚಿ ಹೊಡಿಯೋಣೇನು?”

“ಉಪವಾಸ?” ಎಂದಳು ಶಾಂಭವಿ.

ಅಪ್ಪ ಕೆಮ್ಮಿದ.

“ಅಪ್ಪಾ, ಲಿವರ್ ಬಾತ್ರ ನೋಯ್ತೈತೇನು?”

“ಭಾಳ ಮಂದಿಗೆ ಗೊತ್ತೇ ಆಗಂಗಿಲ್ಲಂತ.” ಅಪ್ಪನ ದನಿ ಸಣ್ಣದಾಯಿತು. ಆಮೇಲೆ ಮಿರ್ಚಿಯ ಮಾತು ಬರಲಿಲ್ಲ.

ಮರುದಿನ ಶಾಂಭವಿ ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತಳು. ಅಜ್ಜಿ ಮರುಳಸಿದ್ದಮ್ಮ ಹಾಲಿನ ಲೋಟ ಹಿಡಿದು ಬಂದಳು.

“ಹಾಲು ನೀರಿದ್ದಂಗ, ಕುಡೀಲಿ ಬಿಡವಾ. ಎಷ್ಟು ಸೊರಗ್ಯಾನ ನನ್ನ ಮಗ!”

“ಎಲ್ಲಿ ಸೊರಗ್ಯಾನಜ್ಜಿ? ತೋರಸು!” ಎಂದು ಶಾಂಭವಿ ಆ ಹಾಲನ್ನು ತಾನೇ ಗಟಗಟ ಕುಡಿದುಬಿಟ್ಟಳು.

ಲ್ಯಾಬಿನಲ್ಲಿ ತ್ರಿವೇಣಿ ಅಕ್ಕ ಈ ಸಲ ಅಪ್ಪನನ್ನು ಕೇಳಲಿಲ್ಲ, ಶಾಂಭವಿಯನ್ನೇ ಕೇಳಿದಳು. ಶಾಂಭವಿ ಅಪ್ಪನ ಮೀಸೆಯನ್ನು ಎರಡೂ ಕಡೆ ಪರೀಕ್ಷಿಸಿ, “ಏನೂ ತಿಂದಿಲ್ಲಕ್ಕಾ” ಎಂದಳು.

ಸೂಜಿ ಹತ್ತಿರ ಬಂತು. ಒಂದೇ ಕೂಗಿಗೆ ಡ್ರೈವರುಗಳನ್ನೆಲ್ಲ ನಡುಗಿಸುವ ಅಪ್ಪ ಗಟ್ಟಿಯಾಗಿ ಕಣ್ಣು ಮುಚ್ಚಿದ. ಇನ್ನೊಂದು ಕೈ ತಡಕಾಡಿ ಶಾಂಭವಿಯ ಬೆರಳು ಹಿಡಿಯಿತು.

“ಏನು ಬರತೈತೋ ಏನೋ,” ಎಂದ ಮೆಲ್ಲಗೆ.

ಪಂಕ್ಚರ್, ಅಮಾವಾಸ್ಯೆ, ಶೇಂಗಾ ಉಂಡೆ... ಎಲ್ಲಾ ಹೆದರಿಕೆಯ ನೆಪ! ಶಾಂಭವಿಗೆ ಒಂದೊಂದೇ ತಿಳಿಯುತ್ತ ಬಂತು. ಪಾಪ ಅನ್ನಿಸಿತು. ಅವಳು ಹುಳುಕುಹಲ್ಲು ಕೀಳಿಸುವಾಗ ಅಪ್ಪ ಹೇಳಿದ ಮಾತನ್ನೇ ಈಗ ಅಪ್ಪನಿಗೆ ಹೇಳಿದಳು: “ಮುಗೀತು, ಮುಗೀತು. ನಾ ಇಲ್ಲೇ ಅದೀನಿ.”

ರಿಪೋರ್ಟು ಸಂಜೆಗೆ ಅಂತೆ.

“ಜೀಪು ಇಲ್ಲೇ ಇರ್ಲಿ. ಕಾಲುವಿ ದಂಡಿಗುಂಟ ನಡಕೋತ ಮನೀಗೆ ಹೋಗೋಣ, ಅಪ್ಪಾ. ಸಂಜೀಗೆ ಇಬ್ರೂ ಬರೋಣ.”

ಅಪ್ಪ ಹ್ಞೂಂ ಎಂದ. ತೋಳಿಗೆ ಒತ್ತಿದ್ದ ಹತ್ತಿಯನ್ನು ಬುಟ್ಟಿಗೆ ಹಾಕಿದ. ಶಾಂಭವಿಯ ಬೆರಳನ್ನು ಮಾತ್ರ ಬಿಡಲಿಲ್ಲ.