ಭಾನುವಾರ ಬಂದ ನಾಯಿ

“ನಾಯಿ ನಿಮ್ಮದಾ?” ಅಂತ ಪ್ರಾಣಿಗಳ ಆಸ್ಪತ್ರೆಯ ಕೌಂಟರಿನವನು ಕೇಳಿದಾಗ ಅವಳು “ಅಲ್ಲ” ಅಂದುಬಿಟ್ಟಳು.

ಅಷ್ಟು ನೋವಿನಲ್ಲೂ ಡುಮ್ಮ ಅವಳ ಮೊಣಕೈಗೆ ಅಂಟಿದ್ದ ಕೇಕಿನ ಕ್ರೀಮ್ ನೆಕ್ಕುತ್ತಿದ್ದ. ಐದು ವರ್ಷದಿಂದ ಅವಳ ಕಾಲಬುಡದಲ್ಲೇ ಮಲಗುವ ನಾಯಿ ಅದು.

ನಡೆದದ್ದಿಷ್ಟು. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವುದು ಅವಳ ಕೆಲಸ. ಭಾನುವಾರ ಮಧ್ಯಾಹ್ನ ಮನೆಗೆ ಬಂದು ಗೇಟು ತೆಗೆದಳೋ ಇಲ್ಲವೋ, ಡುಮ್ಮ ಸಂಭ್ರಮ ತಡೆಯಲಾರದೆ ರಸ್ತೆಗೆ ಹಾರಿದ, ಸ್ಕೂಟರ್ ಬಂದು ಗುದ್ದಿ ಕಾಲು ಮುರಿಯಿತು. ಯಾವಾಗಲೂ ತೋರಿಸುವ ಡಾಕ್ಟರು ಬಾಗಿಲು ಹಾಕಿದ್ದರು. ರಜೆಯಲ್ಲೂ ತೆರೆದಿರುವ ಆಸ್ಪತ್ರೆ ಇದೊಂದೇ. ಇಲ್ಲಿಯ ಗೋಡೆಯ ಬೋರ್ಡು ಓದಿದಳು. ರಜಾದಿನದ ಎಮರ್ಜೆನ್ಸಿಗೆ ಮೂರು ಪಟ್ಟು ಫೀಸು, ಅರ್ಧ ಮೊದಲೇ ಕಟ್ಟಬೇಕು. ಕಾಲಿನ ಆಪರೇಷನ್ನಿಗೆ ಅವಳ ಎರಡು ತಿಂಗಳ ಸಂಬಳವೂ ಸಾಲದು. ಅದರ ಕೆಳಗೇ ಇನ್ನೊಂದು ಸಾಲಿತ್ತು. ಬೀದಿಪ್ರಾಣಿಗಳಿಗೆ ದಾನಿಗಳ ನಿಧಿಯಿಂದ ಉಚಿತ.

ದುಡ್ಡು ಇರಲೇ ಇಲ್ಲವೆಂದಲ್ಲ. ಮನೆ ಬಾಡಿಗೆಯದ್ದು, ಚಿಕ್ಕಮ್ಮನ ಔಷಧಿಯದ್ದು ಸೇರಿಸಿದರೆ ಮುಂಗಡಕ್ಕೆ ಆಗುತ್ತಿತ್ತು. ಆದರೆ ಕೌಂಟರಿನವನು ಫೋನಿನಲ್ಲಿದ್ದಾಗಲೇ ಅವಳ ಬೆರಳು ಡುಮ್ಮನ ಕೊರಳಿನ ಬೆಲ್ಟು ಬಿಚ್ಚಿ ಬ್ಯಾಗಿಗೆ ಹಾಕಿ ಆಗಿತ್ತು. ಕಳ್ಳತನ ಅಂದರೆ ಇದೇ ಇರಬೇಕು ಅಂತ ಅವಳಿಗೆ ಆಗಲೇ ಅನ್ನಿಸಿತ್ತು.

“ರಸ್ತೆಯಲ್ಲಿ ಬಿದ್ದಿತ್ತು,” ಅಂದಳು. “ಎತ್ಕೊಂಡು ಬಂದೆ.”

ಅವನು ಅವಳ ರಕ್ತ ಮೆತ್ತಿದ ಬಟ್ಟೆ ನೋಡಿದ, ತುಂಬಿದ ಕಣ್ಣು ನೋಡಿದ. ನಾಯಿಯನ್ನು ಒಳಗೆ ಕಳಿಸಿ ಒಂದು ಲೋಟ ನೀರು ತಂದುಕೊಟ್ಟ.

“ಯಾರದೋ ನಾಯಿಗೆ ಇಷ್ಟು ಅಳೋರನ್ನ ನಾನು ನೋಡೇ ಇಲ್ಲ.”

ಅವಳು ಲೋಟವನ್ನು ಹಾಗೇ ಪಕ್ಕಕ್ಕಿಟ್ಟಳು.

ಆಮೇಲೆ ದಿನಾ ಸಂಜೆ ಹೋಗತೊಡಗಿದಳು, ಯಾರೋ ಪರಿಚಯದವಳ ಹಾಗೆ. ಅವನು ನಾಯಿಗೆ ಭಾನು ಅಂತ ಹೆಸರಿಟ್ಟಿದ್ದ, ಭಾನುವಾರ ಬಂದದ್ದಕ್ಕೆ. ಡುಮ್ಮ ಅವಳನ್ನು ಕಂಡರೆ ಕಟ್ಟು ಹಾಕಿದ ಕಾಲನ್ನೂ ಮರೆತು ಕುಂಯ್‌ಗುಡುತ್ತಿದ್ದ. “ನೋಡಿದ್ರಾ, ಕಾಪಾಡಿದವರನ್ನ ಮರೆತಿಲ್ಲ,” ಅನ್ನುತ್ತಿದ್ದ ಅವನು. ಅವಳು ತಲೆ ತಗ್ಗಿಸುತ್ತಿದ್ದಳು. ಪಾಪ, ಹುಡುಗಿಗೆ ಹೊಗಳಿಕೆ ಅಂದರೆ ಸಂಕೋಚ ಅಂದುಕೊಂಡ ಮಹಾನುಭಾವ.

ನಕ್ಕಾಗ ಮಾತ್ರ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಅದು ಬೀಳುವವರೆಗೂ ಅವಳು ಕಾಯುತ್ತಿದ್ದಳು, ಬಿದ್ದ ಕೂಡಲೇ ಬೇರೆಲ್ಲೋ ನೋಡುತ್ತಿದ್ದಳು.

“ಕಿವಿ ಹತ್ರ ಗುಲಾಬಿ ಬಣ್ಣ ಅಂಟಿದೆ. ಇವತ್ತು ಯಾರ ಹುಟ್ಟುಹಬ್ಬ?”

“ಒಬ್ಬರು ತಾತಂದು. ಎಂಬತ್ತು ತುಂಬ್ತು.”

“ನನ್ನ ಹೆಸರು ಯಾವತ್ತಾದ್ರೂ ಬರೀತೀರಾ?”

“ಹೆಸರು ಉದ್ದ ಇದ್ರೆ ದೊಡ್ಡ ಕೇಕೇ ತಗೋಬೇಕಾಗತ್ತೆ.”

ಗುಳಿ ಬಿತ್ತು.

“ನಾಯಿ ನೋಡೋಕೆ ಹೋಗೋಳು ಎರಡೆರಡು ಸಲ ತಲೆ ಬಾಚ್ಕೋತಾಳಪ್ಪಾ,” ಅಂತ ಮನೆಯಲ್ಲಿ ಚಿಕ್ಕಮ್ಮ ಕಾಲೆಳೆಯುತ್ತಿದ್ದಳು. ಖರ್ಚೆಷ್ಟಾಯಿತು ಅಂತ ಕೇಳಿದರೆ ಮಾತ್ರ ಇವಳು ಮಾತು ಹಾರಿಸುತ್ತಿದ್ದಳು. ಹಾಸಿಗೆಯ ಮೇಲೆ ಬಿದ್ದುಕೊಂಡರೆ ಅವನ ಹೊಗಳಿಕೆಯ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಅವನು ಇಷ್ಟಪಡುತ್ತಿರುವ ಹೆಂಗಸು ಈ ಮನೆಯಲ್ಲಿ ಇಲ್ಲವೇ ಇಲ್ಲ ಅನ್ನಿಸಿ ಅಳು ಬರುತ್ತಿತ್ತು.

ಕಾಲಿನ ಕಟ್ಟು ಬಿಚ್ಚಿದ ಸಂಜೆ ಅವನು ಅವಳನ್ನು ಆಸ್ಪತ್ರೆಯ ಹಿಂದಿನ ಅಂಗಳಕ್ಕೆ ಕರೆದ.

“ವಾಸಿಯಾದ ಬೀದಿನಾಯಿನ ಯಾರಾದ್ರೂ ಸಾಕಿಕೊಳ್ಳಬಹುದು. ನೀವು ಹೂಂ ಅಂತೀರಿ ಅಂತ ಗೊತ್ತು. ನನಗೂ ಒಂದು ಆಸೆ ಇದೆ.” ಅವನು ನಾಯಿಯ ಬೆನ್ನು ಸವರುತ್ತ, ಅವಳನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನೋಡಿದ. “ಭಾನು ನಮ್ಮಿಬ್ಬರಿಗೂ ಸೇರಿರಲಿ. ಈ ಭಾನುವಾರ ಮನೆಗೆ ಬನ್ನಿ. ಅಮ್ಮನಿಗೆ ನಿಮ್ಮ ವಿಷಯ ಹೇಳಿದ್ದೀನಿ.”

ಒಂದು ಹೂಂ ಸಾಕಿತ್ತು. ನಾಯಿಯೂ ಅವಳದು, ಆ ಗುಳಿಯೂ ಅವಳದು. ತುಟಿಯವರೆಗೂ ಬಂದಿತ್ತು.

ಅಷ್ಟರಲ್ಲಿ ಅವನು ಡುಮ್ಮನ ಕೊರಳಿನ ಕೂದಲು ಬಿಡಿಸಿ ತೋರಿಸಿದ. “ಇಲ್ಲಿ ನೋಡಿ, ಬೆಲ್ಟಿನ ಗುರುತು. ಯಾರೋ ಸಾಕಿದ ನಾಯಿ ಇದು. ಪೆಟ್ಟಾದ ಕೂಡಲೇ ಖರ್ಚಿಗೆ ಹೆದರಿ ಬೆಲ್ಟ್ ಬಿಚ್ಕೊಂಡು ಬಿಟ್ಟುಹೋಗಿದ್ದಾರೆ. ಅಂಥೋರ ಮುಖ ನೋಡಬಾರದು.”

“ನೋಡ್ತಾ ಇದ್ದೀರಿ,” ಅಂದಳು ಅವಳು. “ಬೆಲ್ಟ್ ನನ್ನ ಬ್ಯಾಗಲ್ಲಿದೆ. ಇವನು ಡುಮ್ಮ. ನನ್ನ ನಾಯಿ.”

ತನ್ನ ಹೆಸರು ಕೇಳಿ ಡುಮ್ಮ ಬಾಲ ಬಡಿದ. ಅವನ ಕೈ ಮಾತ್ರ ಆ ಕೊರಳ ಮೇಲೇ ನಿಂತುಬಿಟ್ಟಿತು.

“ನಿಮ್ಮಂಥೋರು ಯಾರೂ ಇಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ ನಾನು,” ಅಂದ ಕೊನೆಗೆ. “ದಿನಾ ನನ್ನ ಮುಖ ನೋಡ್ಕೊಂಡು ಹೇಗೆ ಸುಮ್ನಿದ್ರಿ?”

“ಹೇಳಿದ್ರೆ ಆ ಮುಖ ನೋಡೋಕೆ ಸಿಗಲ್ಲ ಅಂತ.” ಅವಳು ನಾಚಿಕೆಯಿಂದ ಬ್ಯಾಗನ್ನು ಎದೆಗೊತ್ತಿಕೊಂಡಳು. “ಆ ದುಡ್ಡು ಬೀದಿಯ ಯಾವುದೋ ಜೀವಕ್ಕೆ ಸೇರಬೇಕಿತ್ತು. ತಿಂಗಳು ತಿಂಗಳು ಕಟ್ಟಿ ತೀರಿಸ್ತೀನಿ. ನಿಮ್ಮ ಕಣ್ಣಿಗೆ ಬೀಳೋದು ಬೇಡ ಅಂದ್ರೆ ನೀವಿಲ್ಲದಾಗ ಬಂದು ಕಟ್ತೀನಿ.”

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಸಿಟ್ಟು ಮುಖದ ಮೇಲೆ ಬಂತು, ಹೋಯಿತು, ಮತ್ತೆ ಬಂತು.

“ಗೋಡೆ ಮೇಲಿನ ಆ ರೇಟು ದಿನಾ ಹೇಳೋನು ನಾನೇ. ಹೇಳಿ ತಲೆ ಬಗ್ಗಿಸ್ತೀನಿ. ಕೇಳಿ ಪ್ರಾಣಿ ಎತ್ಕೊಂಡು ವಾಪಸ್ ಹೋದೋರು ಎಷ್ಟೋ ಜನ. ಆಮೇಲೆ ಏನಾಯ್ತು ಅಂತ ಒಬ್ಬರಿಗೂ ಫೋನ್ ಮಾಡಿಲ್ಲ ನಾನು.” ತಲೆ ಎತ್ತಿ ಅವಳನ್ನು ನೋಡಿದ. “ಹಾಗಂತ ನೀವು ಮಾಡಿದ್ದು ಸರಿ ಅಂತ ಹೇಳಲ್ಲ.”

“ನಾನೂ ಹೇಳಲ್ಲ.”

ಅವಳು ಬೆಲ್ಟು ತೆಗೆದು ಡುಮ್ಮನ ಕೊರಳಿಗೆ ಹಾಕಲು ನೋಡಿದಳು. ಡುಮ್ಮ ಅವಳ ಕೈ ನೆಕ್ಕುತ್ತ ಕೊಕ್ಕೆ ಸಿಕ್ಕಿಸಗೊಡಲಿಲ್ಲ. ಬೆಲ್ಟನ್ನು ಕೊರಳಲ್ಲಿ ಸಡಿಲವಾಗೇ ಬಿಟ್ಟು ನಾಯಿಯನ್ನು ಎತ್ತಿಕೊಂಡು ಗೇಟಿನತ್ತ ನಡೆದಳು.

“ಭಾನುವಾರ ಬರ್ತೀರಿ ತಾನೇ?”

ತಿರುಗಿದಳು. ಅವನು ಹಿಂದೆಯೇ ಬಂದಿದ್ದ.

“ಅಮ್ಮನ ಹತ್ರ ನಿಮ್ಮನ್ನ ದೇವತೆ ಅಂತ ಹೇಳಿಟ್ಟಿದ್ದೀನಿ. ಅದನ್ನ ನಾನು ಸರಿ ಮಾಡಲ್ಲ. ನೀವೇ ಬಂದು ಮಾಡ್ಬೇಕು.”

“ಅಮ್ಮ ಏನಂತಾರೆ?”

“ಬೈತಾರೆ. ಚೆನ್ನಾಗೇ ಬೈತಾರೆ.” ಅವನು ಬಗ್ಗಿ ಬೆಲ್ಟಿನ ಕೊಕ್ಕೆ ಸಿಕ್ಕಿಸಿದ. “ನಾನು ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ.”