ಏರುದಾರಿಯಲ್ಲಿ ಸೋಲುವ ಕಾರು

"ಟರ್ಬೋ ಬದಲಾಯಿಸ್ಬೇಕು ಅಂತ ಮಾತ್ರ ಹೇಳ್ಬೇಡಿ!"

ಡಾಕ್ಟರಮ್ಮ ಗ್ಯಾರೇಜಿಗೆ ಕಾಲಿಟ್ಟಿದ್ದೇ ಹೀಗೆ. ಮೆಕ್ಯಾನಿಕ್ ತಲೆಯೆತ್ತಿ ಒಮ್ಮೆ ಅವಳನ್ನೂ, ಒಮ್ಮೆ ಹೊರಗೆ ನಿಂತಿದ್ದ ಹದಿನೈದು ವರ್ಷದ ಡೀಸೆಲ್ ಕಾರನ್ನೂ ನೋಡಿದ.

"ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲ..."

"ಹೋದ ವರ್ಷ ಒಬ್ಬ ಮಹಾನುಭಾವ ಬದಲಾಯಿಸಿದ. ಎರಡು ತಿಂಗಳಾಗಿಲ್ಲ, ಮತ್ತೆ ಅದೇ ರಾಗ ಅದೇ ತಾಳ! ಏರು ಬಂತು ಅಂದ್ರೆ ಜೀವ ಹೋದ ಹಾಗೆ ನಿಧಾನ ಆಗುತ್ತೆ. ಹಿಂದೆ ನೋಡಿದ್ರೆ ಬರೀ ಕಪ್ಪು ಹೊಗೆ."

ಅವನು ಕೈ ಒರೆಸಿಕೊಂಡ. "ಎಷ್ಟು ದಿನದಿಂದ? ಶುರುವಲ್ಲೇ ಇರುತ್ತಾ, ಬಿಸಿಯಾದ್ಮೇಲಾ? ಭಾರ ಇದ್ರೆ ಜಾಸ್ತಿನಾ?"

ಅವಳಿಗೆ ನಗು ಬಂತು. ದಿನವಿಡೀ ರೋಗಿಗಳನ್ನು ತಾನು ಕೇಳುವ ಪ್ರಶ್ನೆಗಳೇ! ಹೋದ ವರ್ಷದವನು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ.

ಬೆಟ್ಟದ ಮೇಲಿನ ಪುಟ್ಟ ಆಸ್ಪತ್ರೆಗೆ ಅವಳೊಬ್ಬಳೇ ವೈದ್ಯೆ. ದಿನಕ್ಕೊಂದೇ ಬಸ್ಸು, ಔಷಧಿ ಪೆಟ್ಟಿಗೆಗಳನ್ನು ಅದರಲ್ಲಿ ಎಷ್ಟು ದಿನ ಹೊತ್ತಾಳು? ಸೋಮವಾರದೊಳಗೆ ಕಾರು ಸರಿಹೋಗದಿದ್ದರೆ ಪೇಟೆಯ ಆಸ್ಪತ್ರೆಗೆ ವರ್ಗ ಕೇಳುವುದಾಗಿ ಅಮ್ಮನಿಗೆ ಮಾತು ಕೊಟ್ಟಿದ್ದಳು. ಆ ತಿರುವುಗಳಲ್ಲಿ ಕಾರು ಕೆಟ್ಟು ಮಗಳು ಒಬ್ಬಳೇ ನಿಲ್ಲುತ್ತಾಳೆಂದರೆ ಅಮ್ಮನಿಗೆ ಎದೆಬಡಿತ. ಮಗಳಿಗೋ, ಬೆಟ್ಟದ ಜನವೆಂದರೆ ಪ್ರಾಣ.

"ಕಾರು ಮೂರು ದಿನ ಇಲ್ಲೇ ಬಿಟ್ಟಿರಿ," ಎಂದ ಅವನು. "ಕಾಯಿಲೆ ಏನು ಅಂತ ಗೊತ್ತಾಗದೆ ಒಂದು ಬೋಲ್ಟನ್ನೂ ಬದಲಾಯಿಸಲ್ಲ."

ಮೊದಲ ಎರಡು ಸಂಜೆಯೂ ಅವಳು ಬಸ್ಸಿಳಿದು ನೇರ ಗ್ಯಾರೇಜಿಗೇ ಬಂದಳು. ಅವನು ಸ್ಟೂಲು ಒರೆಸಿ ಕೊಟ್ಟ. ಪೈಪುಗಳಿಗೆ ಗಾಳಿ ತುಂಬಿ, ಮೇಲೆ ಸೋಪಿನ ನೀರು ಬಳಿದು ತೋರಿಸಿದ. ಒಂದು ಗುಳ್ಳೆಯೂ ಏಳಲಿಲ್ಲ, ಸೋರಿಕೆಯ ಸುಳಿವೇ ಇಲ್ಲ.

"ಟರ್ಬೋ ಅಂದ್ರೆ ಫ್ಯಾನು ಇದ್ದ ಹಾಗೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತೆ. ದಾರೀಲಿ ಗಾಳಿ ಸೋರಿದ್ರೆ ಅದು ತಾನೇ ಏನು ಮಾಡುತ್ತೆ, ಪಾಪ."

ಆ 'ಪಾಪ'ಕ್ಕೆ ಅವಳ ಮನಸ್ಸು ಯಾಕೋ ಕರಗಿತು. 'ಏನಾಗ್ತಿದೆ ನನಗೆ? ಬಂದಿರೋದು ಕಾರಿಗೋಸ್ಕರ...'

ಮೂರನೆಯ ಸಂಜೆ ಬಸ್ಸು ಬೆಟ್ಟ ಇಳಿಯುತ್ತಿತ್ತು. ಎದುರಿಗೆ ಅವಳದೇ ಕಾರು ಏರುತ್ತಿತ್ತು! ಸ್ಟಿಯರಿಂಗ್ ಹಿಡಿದವನು ಅವನೇ. ಪಕ್ಕದಲ್ಲಿ ಒಬ್ಬ ಹೆಂಗಸು, ಬಾಯ್ತುಂಬ ನಗುತ್ತ...

ಅವನು ಮರಳುವಷ್ಟರಲ್ಲಿ ಅವಳು ಗ್ಯಾರೇಜಿನ ಬಾಗಿಲಲ್ಲಿದ್ದಳು. ಆ ಹೆಂಗಸು ದಾರಿಯಲ್ಲೇ ಇಳಿದು ಹೋಗಿರಬೇಕು. ಹಿಂದಿನ ಸೀಟಿನಲ್ಲಿ ಮರಳು ಬೇರೆ ಚೆಲ್ಲಿತ್ತು. 'ಹೊಳೆ ದಂಡೆಗೂ ಹೋಗಿ ಬಂದ್ರಾ!'

"ಕೀ ಕೊಡಿ."

"ಡಾಕ್ಟ್ರೇ, ಇನ್ನೊಂದೇ ಸಲ ಬೆಟ್ಟ ಹತ್ತಿ..."

"ಯಾರನ್ನ ಕೂರಿಸ್ಕೊಂಡು? ನೀವೂ ಹೋದ ವರ್ಷದವನ ಹಾಗೇನೇ. ನಂಬಿದ್ದು ನನ್ನ ತಪ್ಪು!"

ಅವನ ಮುಖ ಸಪ್ಪಗಾಯಿತು. ಕೀ ಕೊಟ್ಟು ಇಷ್ಟೇ ಹೇಳಿದ: "ನಾಳೆ ಬೆಟ್ಟಕ್ಕೆ ಮಾತ್ರ ತಗೊಂಡು ಹೋಗ್ಬೇಡಿ."

ಹೇಳಿದ ಮಾತು ಕೇಳುವ ಜಾಯಮಾನ ಅವಳದಲ್ಲ. ಮರುದಿನ ಬೆಳಿಗ್ಗೆ ಪೆಟ್ಟಿಗೆಗಳನ್ನು ತುಂಬಿಕೊಂಡು ಹೊರಟಳು. ಎರಡನೇ ತಿರುವಿನಲ್ಲಿ ಕಾರು ಸೋತಿತು. ಹಿಂದಿನ ಲಾರಿ ಹಾರ್ನ್ ಹೊಡೆದೇ ಹೊಡೆಯಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ, ಬೆವರು ಒರೆಸಲು ಬಟ್ಟೆಗಾಗಿ ಬಾಗಿಲ ಜೇಬಿಗೆ ಕೈಹಾಕಿದಾಗ ಒಂದು ಚೀಟಿ ಸಿಕ್ಕಿತು.

'ಎರಡನೇ ತಿರುವು. ಎಂಜಿನ್ ಬಿಸಿ. ಮೂರನೇ ಗೇರ್. ನಾನು ಜೋಡಿಸಿದ ಗಾಳಿ ಒತ್ತಡದ ಮೀಟರಿನ ಮುಳ್ಳು ಕೆಳಗೆ ಬಿತ್ತು. ಔಷಧಿ ಪೆಟ್ಟಿಗೆಗಳ ಬದಲು ಭಾರಕ್ಕೆ: ಮರಳು ನಾಲ್ಕು ಚೀಲ, ಅಕ್ಕ ಒಂದು.'

ಅದರ ಕೆಳಗೆ: 'ಡಾಕ್ಟರು ಒಬ್ಬರೇ ಹೋಗುವ ದಾರಿ. ಸರಿಹೋಗದೆ ಕಾರು ಕೊಡಬಾರದು.'

ಅಕ್ಕ ಒಂದು! ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಆಸ್ಪತ್ರೆಗೆ ಫೋನ್ ಮಾಡಿ ತಡವಾಗುತ್ತದೆಂದು ತಿಳಿಸಿ ಕಾರು ತಿರುಗಿಸಿದಳು. ಇಳಿಜಾರಿನಲ್ಲಿ ಅದು ಏನೂ ಆಗಿಲ್ಲವೆಂಬಂತೆ ಓಡಿತು.

ಗ್ಯಾರೇಜಿನಲ್ಲಿ ಅವನ ಜೊತೆ ಆ ಹೆಂಗಸೂ ಇದ್ದಳು. ಡಾಕ್ಟರಮ್ಮ ಚಾಚಿದ ಚೀಟಿ ಓದಿ ಸೊಂಟದ ಮೇಲೆ ಕೈಯಿಟ್ಟಳು.

"ಲೋ! ಚೀಲದ ಜೊತೆ ನನ್ನನ್ನೂ ಲೆಕ್ಕ ಹಾಕಿದ್ದೀಯಾ? ಮುಳ್ಳು ನೋಡೋಕೆ ಜನ ಬೇಕು ಅಂತ ಬೇಡಿಕೊಂಡವನು ನೀನೇ. ಇನ್ಮೇಲೆ ನಾನು ಕೂರಲ್ಲ. ಡಾಕ್ಟ್ರೇ, ನೀವೇ ಕೂತ್ಕೊಳ್ಳಿ."

ಡಾಕ್ಟರಮ್ಮ ಕೂತಳು. ಅವನು ಕಾರನ್ನು ಬೆಟ್ಟ ಹತ್ತಿಸಿದ. ಅವಳ ಕಣ್ಣು ಮೀಟರಿನ ಮೇಲೇ ಇತ್ತು. ಎರಡನೇ ತಿರುವಿನಲ್ಲಿ ಮುಳ್ಳು ಕುಸಿಯಿತು.

"ಉಸ್ ಅಂತು! ನನ್ನ ಕಾಲಿನ ಕಡೆ, ಕೆಳಗೆ!"

"ಅಕ್ಕ ಕೂತಿದ್ರೆ ಅವಳ ಮಾತು ಬಿಟ್ಟು ಬೇರೇನೂ ಕೇಳಿಸ್ತಿರಲಿಲ್ಲ," ಎಂದು ಅವನು ಕಾರು ಬದಿಗೆ ನಿಲ್ಲಿಸಿ ಇಳಿದ.

ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಅಡಿಯಲ್ಲಿ ಬೆರಳುದ್ದದ ಸೀಳು. ಬಿಸಿಗೆ ಮೆತ್ತಗಾಗಿ, ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತಿತ್ತು, ತಣ್ಣಗಾದರೆ ಮುಚ್ಚಿಕೊಳ್ಳುತ್ತಿತ್ತು. ಟರ್ಬೋ ಗಟ್ಟಿಯಾಗಿಯೇ ಇತ್ತು.

"ನಿನ್ನೆಯೇ ಅಕ್ಕ ಅಂತ ಹೇಳ್ಬಹುದಿತ್ತಲ್ಲ?"

"ನಂಬಿದ್ದೇ ತಪ್ಪು ಅಂದ್ರಲ್ಲ... ಆಮೇಲೆ ಬಾಯಿ ಬರಲಿಲ್ಲ."

ಅವಳು ತಲೆ ತಗ್ಗಿಸಿದಳು. "ನನ್ನದೇ ತಪ್ಪು, ಕ್ಷಮಿಸಿ. ನಂಗೆ ಸಿಟ್ಟು ಬಂದಿದ್ದು ಕಾರಿಗಲ್ಲ... ನಿಮ್ಮ ಪಕ್ಕ ಬೇರೆ ಯಾರೋ ಕೂತು ನಗ್ತಿದ್ದಾರಲ್ಲ ಅಂತ."

ಅವನು ಪೈಪಿನ ಸೀಳಿನ ಕಡೆ ಬೆರಳು ತೋರಿಸಿದ.

"ಇದು ಸಿಗದಿದ್ರೆ ನೀವು ದಿನಾ ಬರ್ತಿದ್ರಿ. ಸಿಕ್ಕಿದ್ರೆ ಬರಲ್ಲ. ಅದು ಗೊತ್ತಿದ್ದೇ ಹುಡುಕಿದೆ."

"ಯಾಕೆ?"

"ನಿಮ್ಮನ್ನ ನೋಡದೆ ಇರೋದು ಕಷ್ಟಾನೇ. ಆದ್ರೆ ನೀವು ನಡುದಾರೀಲಿ ಒಬ್ಬರೇ ನಿಲ್ಲೋದನ್ನ ನೆನೆಸ್ಕೊಳ್ಳೋಕೂ ಆಗಲ್ಲ."

ಅವಳ ಕಣ್ಣು ತುಂಬಿತು.

"ಹೊಸ ಪೈಪ್ ಹಾಕೋಕೆ ಎಷ್ಟು ಹೊತ್ತು?"

"ಅರ್ಧ ಗಂಟೆ. ಆಮೇಲೆ... ಮೇಲಿನವರೆಗೂ ಒಮ್ಮೆ ಹತ್ತಿ ನೋಡ್ಬೇಕು."

"ಒಮ್ಮೆ ಸಾಕಾ?"

"ನೀವು ಬೇಡ ಅನ್ನೋವರೆಗೂ ಬರ್ತೀನಿ."

"ಹಾಗಾದ್ರೆ ಅಮ್ಮನಿಗೆ ಹೇಳ್ಬಿಡ್ತೀನಿ," ಎಂದಳು ಅವಳು, ಮಸಿ ಮೆತ್ತಿದ ಅವನ ಕೈಯನ್ನು ಹಿಡಿದು. "ನಿಮ್ಮ ಮಗಳು ಇನ್ಮೇಲೆ ಬೆಟ್ಟಕ್ಕೆ ಒಬ್ಬಳೇ ಹೋಗಲ್ಲ ಅಂತ."